ತುಂಬಿದ ಡಿಸ್ಕು, ನಡುವೆ ನಿಂತ ಹಾಡು

…ಅಲ್ಲ, ಬಾಗೇವಾಡಿ ಇರಲಿಕ್ಕಿಲ್ಲ, ಮುದ್ದೇಬಿಹಾಳವೇ ಇರಬೇಕು. ಬಾಗೇವಾಡಿಯಲ್ಲಿ ನಡೆದದ್ದು ಎಂದು ಇಷ್ಟು ವರ್ಷ ಎಲ್ಲರ ಮುಂದೆ ಹೇಳುತ್ತ ಬಂದಿದ್ದೇನೆ. ಹೇಳಿದ ಹಾಗೆಲ್ಲ ಮಂಟಪ ದೊಡ್ಡದಾಗಿದೆ, ನಕ್ಕವರ ಸಂಖ್ಯೆ ಬೆಳೆದಿದೆ. ಮೊನ್ನೆ ಅಕ್ಕನಿಗೆ ಫೋನು ಮಾಡಿ ಕೇಳಿದೆ. "ಹಾಡು ಸಿಕ್ಕೊಂಡದ್ದು ಮುದ್ದೇಬಿಹಾಳದಾಗೋ ತಮ್ಮಾ. ಬಾಗೇವಾಡ್ಯಾಗ ಊಟಕ್ಕ ಕೊಲ್ಹಾರದ ಮೊಸರಿತ್ತು, ನೀ ಎರಡೆರಡು ಸಲ ಹಾಕಿಸ್ಕೊಂಡಿ" ಎಂದಳು. ನನ್ನ ನೆನಪಿನಲ್ಲಿ ಮೊಸರು ಮತ್ತು ನಗು ಒಂದೇ ಊರಿನಲ್ಲಿವೆ. ಜನ ನಗುತ್ತಿದ್ದಾಗ ನನ್ನ ಬಾಯಲ್ಲಿ ಮೊಸರಿತ್ತು ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಆಗ ನಾನು ವೇದಿಕೆಯ ಪಕ್ಕದಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ಮೊಸರು ಎಲ್ಲಿಂದ ಬಂತು?

ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಕೂಡಿಸಿದ್ದು ಎಂದು ಕೇಳಬೇಡಿ. ಕಾಲ ಮಾತ್ರ ಗೊತ್ತಿದೆ: ಎರಡು ಸಾವಿರದ ಎಂಟೋ ಒಂಬತ್ತೋ. ಪೆನ್ ಡ್ರೈವನ್ನು ಕೊರಳಿಗೆ ದಾರ ಕಟ್ಟಿ ನೇತುಹಾಕಿಕೊಂಡು ತಿರುಗುವುದು ದೊಡ್ಡಸ್ತಿಕೆಯಾಗಿದ್ದ ಕಾಲ.

ಅಕ್ಕ ಎಂದರೆ ನನ್ನ ಚಿಗವ್ವನ ಮಗಳು. ಸಿಂದಗಿಯಿಂದ ಆಲಮೇಲದ ಕಡೆ ಹೋಗುವ ದಾರಿಯ ಒಂದು ಊರಿಗೆ ಅವಳನ್ನು ಕೊಟ್ಟಿದ್ದರು. ಭಾವನದು ಮೈಕ್ ಸೆಟ್ಟು, ಜೊತೆಗೆ ಒಂದು ಹಳೆಯ ಟೆಂಪೊ. ಲಗ್ನದ ಹಂಗಾಮಿನಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ಕಡೆ ಅವನ ಸ್ಪೀಕರು ಕೂಗುತ್ತಿತ್ತು. ಅಕ್ಕನ ಕಂಠ ಚೆನ್ನಾಗಿತ್ತು. ಸ್ಪೀಕರು ಮನೆಯದೇ, ಕಂಠವೂ ಮನೆಯದೇ, ಸುಮ್ಮನೆ ಕ್ಯಾಸೆಟ್ ಯಾಕೆ ಹಾಕಬೇಕು ಎಂದು ಭಾವನಿಗೆ ಹೊಳೆಯಿತು. ಒಬ್ಬ ಕೀಬೋರ್ಡಿನವನನ್ನೂ ಹಿಡಿದು ತಂದ. ಅವನು ಒಂದು ವರ್ಷ ಬಾರಿಸಿ, ಸೊಲ್ಲಾಪುರದ ದೊಡ್ಡ ಆರ್ಕೆಸ್ಟ್ರಾ ಕರೆದ ಕೂಡಲೇ ಹೋಗಿಬಿಟ್ಟ. ಆಗ ನನ್ನ ನೆನಪಾಯಿತು. ನಾನು ಇಂಡಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಲೆಕ್ಕಪತ್ರದ ಟ್ಯಾಲಿ ಕಲಿಸುತ್ತಿದ್ದೆ. ಹಾಡಿನ ವಾದ್ಯ ಮಾತ್ರ ಇರುವ, ದನಿ ಇಲ್ಲದ ಟ್ರ್ಯಾಕುಗಳನ್ನು ಕಂಪ್ಯೂಟರಿನಲ್ಲಿ ಹಾಕಿಕೊಂಡು, ಅಕ್ಕ ಮೈಕು ಹಿಡಿದಾಗ ಒಂದು ಗುಂಡಿ ಒತ್ತುವುದು ನನ್ನ ಕೆಲಸ. ಕರಪತ್ರದಲ್ಲಿ ನನ್ನನ್ನು 'ಸಂಗೀತ ಸಂಯೋಜನೆ' ಎಂದು ಹಾಕಿಸಿದ್ದರು.

ಅಕ್ಕನ ಮಾವನನ್ನು ಓಣಿಯೆಲ್ಲ ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಸೊಸೆ ಮಂದಿಯ ಮುಂದೆ ನಿಂತು ಹಾಡುವುದು ಅವರಿಗೆ ಪೂರ್ತಿ ಒಪ್ಪಿಗೆ ಇರಲಿಲ್ಲ, ಪೂರ್ತಿ ವಿರೋಧವೂ ಇರಲಿಲ್ಲ. ಆ ಹಂಗಾಮಿನ ಆರಂಭದಲ್ಲಿ ಪಡಸಾಲೆಯಲ್ಲಿ ಕೂತು ಒಂದು ತೀರ್ಪು ಕೊಟ್ಟರು.

"ಈ ಹಂಗಾಮ ಹಾಡ್ಲಿ. ನಾ ಬ್ಯಾಡ ಅನ್ನೂದಿಲ್ಲ. ಆದ್ರ ಮಂದಿ ನಗಬಾರದು. ಒಂದ್ ಸಲ ನಕ್ರಂದ್ರ ಸಾಕು, ಮೈಕ್ ಇಳಿಸಿ ಮನ್ಯಾಗ ಹಾಡ್ಕೋವಾ ನಮ್ಮವ್ವಾ."

ಅಕ್ಕ, "ಹೂನ್ರಿ ಮಾವಾರ" ಎಂದಳು. ಒಳಗೆ ಬಂದವಳು ನನಗೆ ಹೇಳಿದ್ದು ಬೇರೆ: "ತಮ್ಮಾ, ನನ್ನ ದನಿ ನಾ ನೋಡ್ಕೋತೇನಿ. ನಿನ್ನ ಪೆಟ್ಟಿಗಿ ನೀ ನೋಡ್ಕೋ."

ಪೆಟ್ಟಿಗೆಯ ಕಥೆ ಇದು. ಮೊದಲು ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಅದರ ಹಾರ್ಡ್ ಡಿಸ್ಕಿನೊಳಗೆ ಗಿರಗಿರ ತಿರುಗುವ ತಟ್ಟೆ, ತಟ್ಟೆಯ ಮೇಲೆ ಕೂದಲೆಳೆ ಅಂತರದಲ್ಲಿ ಓಡಾಡುವ ಒಂದು ಮುಳ್ಳು. ಭಾವನ ಟೆಂಪೊ ಹಿಪ್ಪರಗಿ ರಸ್ತೆಯಲ್ಲಿ ಒಂದು ಸಲ ಹಾರಿ ಬಿದ್ದರೆ ಮುಳ್ಳು ತಟ್ಟೆಯನ್ನು ಕೆರೆದುಬಿಡುತ್ತಿತ್ತು. ಅದೊಂದು ಸತ್ತಿತು. ಬದಲಿಗೆ ಹಾಕಿಸಿದ್ದೂ ಸತ್ತಿತು. ಕೊನೆಗೆ ನಾನೂ ಭಾವನೂ ಸೊಲ್ಲಾಪುರಕ್ಕೆ ಹೋದೆವು.

"ನಮ್ಮ ರಸ್ತಾಕ್ಕ ತಾಳೂವಂಥಾ ಕಂಪ್ಯೂಟರ್ ಐತೇನ್ರಿ?" ಎಂದು ಭಾವ ಕೇಳಿದ.

ಅಂಗಡಿಯವನ ಹೆಂಡತಿಯ ತವರು ಚಡಚಣ, ಹಾಗಾಗಿ ಅವನಿಗೆ ಕನ್ನಡ ಬರುತ್ತಿತ್ತು. ಶಾಲೆಯ ಪಾಟಿಯಷ್ಟೇ ಇದ್ದ ಒಂದು ಪುಟ್ಟ ಲ್ಯಾಪ್‌ಟಾಪನ್ನು ಮುಂದಿಟ್ಟ. "ಇದರಾಗ ತಿರಗೂದು ಏನೂ ಇಲ್ರಿ. ಎಸ್‌ಎಸ್‌ಡಿ ಅಂತಾರ. ಬರೇ ಚಿಪ್ ಅದಾವ. ನಿಮ್ಮ ಟೆಂಪೊ ಪಲ್ಟಿ ಆದ್ರೂ ಇದಕ್ಕ ಏನೂ ಆಗೂದಿಲ್ಲ."

ಭಾವ ಅದನ್ನೆತ್ತಿ ಕಿವಿಯ ಹತ್ತಿರ ಹಿಡಿದು ತೆಂಗಿನಕಾಯಿಯಂತೆ ಅಲ್ಲಾಡಿಸಿದ. "ಸಪ್ಪಳನ ಇಲ್ಲಲ್ರಿ."

"ಸಪ್ಪಳ ಬಂದ ದಿನ ವಾಪಸ್ ತರ್ರಿ" ಎಂದ ಅಂಗಡಿಯವ.

ಆ ಚಿಪ್ಪುಗಳ ನಡುವೆ ಒಂದು ಬೇರೆ ಚಿಪ್ಪು ಇರುತ್ತದೆ, ಉಳಿದವೆಲ್ಲ ಅದರ ಮಾತು ಕೇಳುತ್ತವೆ, ಅದಕ್ಕೆ ಕಂಟ್ರೋಲರ್ ಎನ್ನುತ್ತಾರೆ ಎಂಬುದನ್ನು ಅವನು ಹೇಳಲಿಲ್ಲ. ನನಗೂ ಗೊತ್ತಿರಲಿಲ್ಲ. ಕಾರಿನ ಬಣ್ಣ, ಸೀಟು ಎಲ್ಲ ನೋಡಿ ಡ್ರೈವರನನ್ನೇ ವಿಚಾರಿಸದೆ ಹತ್ತಿದ ಹಾಗಾಯಿತು.

ಪುಟ್ಟ ಲ್ಯಾಪ್‌ಟಾಪ್ ಆರಂಭದಲ್ಲಿ ಚುರುಕಾಗಿತ್ತು. ಟೆಂಪೊ ಎಷ್ಟು ಹಾರಿದರೂ ಅದು ಕೆಡಲಿಲ್ಲ. ನಡುವಿನ ದಿನಗಳಲ್ಲಿ ನಾನು ಇಂಡಿಯಲ್ಲಿರುತ್ತಿದ್ದೆ, ಪೆಟ್ಟಿಗೆ ಅಕ್ಕನ ಮನೆಯಲ್ಲಿರುತ್ತಿತ್ತು. ಆಗ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೂ ಕಂಡ ಹಾಗೆ ಬರೆಯುತ್ತೇನೆ, ಯಾಕೆಂದರೆ ಅಕ್ಕ ಅಭಿನಯಿಸಿ ತೋರಿಸಿದ್ದಳು.

ಭಾವ ಡಿಸ್ಕಿನ ಲೆಕ್ಕ ತೋರಿಸುವ ಆ ದುಂಡನೆಯ ಚಿತ್ರವನ್ನು ಪರದೆಯ ಮೇಲೆ ತೆರೆದು ಕೂತಿದ್ದಾನೆ. ತುಂಬಿದ ಭಾಗ ನೀಲಿ, ಖಾಲಿ ಭಾಗ ಗುಲಾಬಿ. ಕಾಕಾ ಹಿಂದೆ ಬಂದು ನಿಂತರು.

"ಈ ಗುಲಾಬಿ ಏನೋ?"

"ಖಾಲಿ ಜಾಗಾ, ಅಪ್ಪಾ."

"ಇಷ್ಟ್ಯಾಕ ಖಾಲಿ ಬಿಟ್ಟೀರಿ?"

"ಬೇಕಾಗೂದು ಅಷ್ಟ ಐತಲ್ಲ."

"ಹುಚ್ಚಪ್ಯಾ. ಖಾಲಿ ಬಿಟ್ರ ಹುಳಾ ಬೀಳೂದಿಲ್ಲೇನು?"

ಕಾಕಾ ಹಗೇವಿನ ಮನುಷ್ಯ. ಹಗೇವು ಎಂದರೆ ನೆಲದೊಳಗೆ ತೋಡಿ ಜೋಳ ತುಂಬಿಡುವ ಗುಂಡಿ. ಊರಲ್ಲಿ ಬಹಳ ಮಂದಿ ಅದನ್ನು ಮುಚ್ಚಿ ತಗಡಿನ ಪೀಪಾಯಿಗೆ ಬಂದಿದ್ದರು, ಕಾಕಾ ಬಂದಿರಲಿಲ್ಲ. ಹಗೇವನ್ನು ಬಾಯಿಯವರೆಗೆ ಒತ್ತಿ ತುಂಬಬೇಕು, ಒಳಗೆ ಗಾಳಿಗೆ ಜಾಗ ಉಳಿಯಬಾರದು, ಉಳಿದರೆ ಹುಳ ಬೀಳುತ್ತದೆ, ಜೋಳ ಮುಗ್ಗುತ್ತದೆ. ಅರ್ಧ ತುಂಬಿದ ಹಗೇವಿಗಿಂತ ತೋಡದ ಹಗೇವೇ ವಾಸಿ ಎನ್ನುತ್ತಿದ್ದರು. ಅದಕ್ಕೆ ಸರಿಯಾಗಿ ಹಿಂದಿನ ವಾರವೇ ಪೆಟ್ಟಿಗೆಗೆ ವೈರಸ್ ಬಂದಿತ್ತು. ಭಾವನಿಗೆ ಎರಡೂ ತಾಳೆಯಾಗಿಬಿಟ್ಟವು. "ಅದಕ್ಕ ನೋಡು, ಖಾಲಿ ಬಿಟ್ಟಿದ್ವಿ, ಹುಳಾ ಬಿತ್ತು" ಎಂದು ಅಕ್ಕನಿಗೆ ವಿವರಿಸಿದನಂತೆ.

ಆ ವಾರವೆಲ್ಲ ಮನೆಯವರು ಪೆಟ್ಟಿಗೆ ತುಂಬಿದರು. ಭಜನೆಗಳು, ಪರಿಚಯದವರ ಲಗ್ನದ ವಿಡಿಯೊಗಳು, ಗೋಡೆಗೆ ಹಾಕುವಂಥ ದೇವರ ಚಿತ್ರಗಳು, ಮರಾಠಿ ಲಾವಣಿಗಳು, ಯಾರದೋ ಮಗನ ಮೊದಲ ಕೂದಲು ತೆಗೆಸಿದ ಜಾವಳದ ಫೋಟೊಗಳು. ಅಂಚಿನಲ್ಲಿ ಒಂದಿಷ್ಟು ಗುಲಾಬಿ ಉಳಿದದ್ದಕ್ಕೆ ಕಾಕಾಗೆ ಸಮಾಧಾನವಿಲ್ಲ. ಅದಕ್ಕೊಂದು ನಾಟಕದ ಹಾಡು ತುರುಕಿದರು. ಮುಂದಿನ ಲಗ್ನಕ್ಕೆ ನಾನು ಬಂದಾಗ ದುಂಡನೆಯ ಚಿತ್ರ ಪೂರ್ತಿ ನೀಲಿಯಾಗಿತ್ತು. 'ಜಾಗ ಕಡಿಮೆ ಇದೆ' ಎಂಬ ಸೂಚನೆ ಮೂಲೆಯಲ್ಲಿ ಮತ್ತೆ ಮತ್ತೆ ಎದ್ದು ಬರುತ್ತಿತ್ತು. ಭಾವ ಅದನ್ನು ಹೆಮ್ಮೆಯಿಂದ ತೋರಿಸಿದ: "ನೋಡ್ರಿ ಮಾಸ್ತರ, ತಾನ ಹೇಳಾಕತ್ತೈತಿ, ತುಂಬೇತಿ ಅಂತ."

ನಾನು ಓದಿದ ಕಂಪ್ಯೂಟರ್ ಪಾಠದಲ್ಲಿ ಡಿಸ್ಕು ತುಂಬಿದರೆ ಜಾಗ ಇರುವುದಿಲ್ಲ ಎಂದಿತ್ತೇ ಹೊರತು, ಹಾಡು ನಿಲ್ಲುತ್ತದೆ ಎಂದಿರಲಿಲ್ಲ.

ಇಂಡಿಯ ಲಗ್ನದಲ್ಲಿ ಮೊದಲ ಸಲ ಟ್ರ್ಯಾಕು ಉಸಿರು ಹಿಡಿಯಿತು. ಅರ್ಧ ಕ್ಷಣ. ಪಲ್ಲವಿಯ ಕೊನೆಗೆ ತಬಲ ಬೀಳಬೇಕಾದಲ್ಲಿ ಬೀಳಲಿಲ್ಲ, ಆಮೇಲೆ ಬಿತ್ತು. ಅಕ್ಕ ಸ್ವರವನ್ನು ಎಳೆದು ಹಿಡಿದಳು. ಮುಂದಿನ ಸಾಲಿನ ಮುದುಕರೊಬ್ಬರು ತಲೆದೂಗಿದರು. ಸಿಂದಗಿಯಲ್ಲಿ ಇನ್ನೂ ಸ್ವಲ್ಪ ಉದ್ದ ನಿಂತಿತು, ಅಕ್ಕ ಇನ್ನೂ ಸ್ವಲ್ಪ ಎಳೆದಳು. "ಏನ್ ದಮ್ ಐತ್ರಿ ಆಕಿಗೆ" ಎಂದು ಯಾರೋ ಅಂದರು. ಅಕ್ಕ ವೇದಿಕೆಯಿಂದ ಇಳಿದು ನನ್ನ ತೋಳು ಚಿವುಟಿದಳು. "ದಮ್ಮಲ್ಲ, ಜೀವ ಹೋಗಾಕತ್ತಿತ್ತು. ಏನಾಗೇತಿ ಅದಕ್ಕ?"

ಮುದ್ದೇಬಿಹಾಳ (ಅಕ್ಕನ ಮಾತು ನಂಬೋಣ). ಅಕ್ಕಿಕಾಳು ಬಿದ್ದು ಲಗ್ನ ಮುಗಿದಿತ್ತು, ಹೊರಗೆ ಚಪ್ಪರದಡಿ ಹುಗ್ಗಿಯ ಪಂಕ್ತಿ ಕೂತಿತ್ತು. ಕಾಕಾ ಆ ದಿನ ಬಂದಿದ್ದರು, ಹುಡುಗಿಯ ಕಡೆಯವರು ಅವರಿಗೆ ದೂರದ ಬೀಗರು. ಭಾವ ನನಗೆ, "ಇವತ್ತ ಈಕಿ ಹಾಡೂದು ರೆಕಾರ್ಡ್ ಮಾಡ್ರಿ, ಅಪ್ಪಗ ಕೇಳಸೂಣು" ಎಂದಿದ್ದ. ಹಾಗಾಗಿ ಪೆಟ್ಟಿಗೆ ಒಂದು ಕಡೆ ಹಾಡು ನುಡಿಸುತ್ತಿತ್ತು, ಇನ್ನೊಂದು ಕಡೆ ಅಕ್ಕನ ದನಿಯನ್ನು ಬರೆದುಕೊಳ್ಳುತ್ತಿತ್ತು. ಬರೆದುಕೊಳ್ಳಲು ಅದಕ್ಕೆ ಜಾಗವೇ ಇರಲಿಲ್ಲ.

ಎರಡನೇ ಚರಣದ ನಡುವೆ ಹಾಡು ನಿಂತಿತು. ಅಕ್ಕ ಎಳೆದಳು. ಹಾಡು ಬರಲಿಲ್ಲ. ಅಕ್ಕ ಇನ್ನೂ ಎಳೆದಳು, ಕೊರಳ ನರ ಕಾಣಿಸಿತು. ನಾನು ಗುಂಡಿ ಒತ್ತಿದೆ, ಬಾಣದ ಗುರುತು ಮರಳು ಗಡಿಯಾರವಾಗಿ ಕೂತಿತು. ಅಕ್ಕನ ಉಸಿರು ಮುಗಿದು ದನಿ ನಿಂತಿತು, ಮತ್ತು ಅವಳು ನಿಂತ ಮರುಕ್ಷಣವೇ ಟ್ರ್ಯಾಕು ಎದ್ದು, ಡೋಲಕ್ಕಿನ ಒಂದೇ ಪೆಟ್ಟನ್ನು ಟರ್ರ್ ಎಂದು ಹರಿದ ಬಟ್ಟೆಯ ಹಾಗೆ ಬಾರಿಸತೊಡಗಿತು.

"ಗಾಡಿ ಚಾಲೂ ಆತು, ಹತ್ರಿ ಹತ್ರಿ" ಎಂದ ಪಂಕ್ತಿಯಲ್ಲಿದ್ದ ಒಬ್ಬ.

ಇಡೀ ಚಪ್ಪರ ನಕ್ಕಿತು. ಹುಗ್ಗಿ ಬಡಿಸುವವನು ಬಕೆಟ್ಟು ಕೆಳಗಿಟ್ಟು ನಕ್ಕ. ಮದುಮಗ ನಕ್ಕ. ಕಾಕಾ ನಗಲಿಲ್ಲ. ಊಟ ಮುಗಿಸಿ ಎದ್ದು ಕೈತೊಳೆದು ಟೆಂಪೊದಲ್ಲಿ ಮುಂದಿನ ಸೀಟಿಗೆ ಹೋಗಿ ಕೂತರು. ತಾಳಿಕೋಟಿ ದಾಟಿದ ಮೇಲೆ ಯಾರು ಏನಂದರು ಎಂಬುದರಲ್ಲಿ ನನ್ನದೂ ಅಕ್ಕನದೂ ಬೇರೆ ಬೇರೆ ಪಾಠ. ಕಾಕಾ "ಸಾಕಿನ್ನ" ಅಂದರು ಎಂದು ನನ್ನ ನೆನಪು. ಅವರು ಏನೂ ಅನ್ನಲಿಲ್ಲ, ಅದಕ್ಕೇ ತನಗೆ ಗಾಬರಿಯಾಯಿತು ಎಂದು ಅಕ್ಕ ಹೇಳುತ್ತಾಳೆ. ಒಟ್ಟಿನಲ್ಲಿ ಹಂಗಾಮಿನಲ್ಲಿ ಇನ್ನೊಂದೇ ಲಗ್ನ ಒಪ್ಪಿಕೊಂಡದ್ದಿತ್ತು, ಬಾಗೇವಾಡಿಯದು. ಅದಾದ ಮೇಲೆ ಹಾಡು ಇರುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ನಾನು ಇಂಡಿಗೆ ಬಂದು, ಕ್ಲಾಸು ಬಿಟ್ಟ ಮೇಲೆ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಓದಿದೆ. ಜಗತ್ತಿನ ಯಾವ್ಯಾವುದೋ ಮೂಲೆಯಲ್ಲಿ ನನ್ನಂಥವರೇ ಬೈದುಕೊಂಡು ಬರೆದಿದ್ದರು: ನಿಲ್ಲುತ್ತದೆ, ಉಸಿರು ಹಿಡಿಯುತ್ತದೆ, ಮತ್ತೆ ಹೊರಡುತ್ತದೆ. ಸೊಲ್ಲಾಪುರದವನಿಗೂ ಫೋನು ಮಾಡಿದೆ. ಎರಡನ್ನೂ ಕೂಡಿಸಿ ಅರ್ಥಮಾಡಿಕೊಂಡದ್ದನ್ನು ಕಾಕಾಗೆ ಹೇಳಲು ಹೋದೆ. ಅವರು ಅಂಗಳದಲ್ಲಿ ಜೋಳ ಹರವಿಕೊಂಡು ಕೂತಿದ್ದರು.

"ಕಾಕಾ, ನೀವು ಸಿಂದಗಿ ಅಡತಿ ಗೋದಾಮು ನೋಡೀರಲ್ರಿ."

"ನೋಡೇನಿ."

"ಅಲ್ಲಿ ಯಾವ ಚೀಲ ಎಲ್ಲಿ ಇಡಬೇಕು ಅನ್ನೂದು ಯಾರ ಕೈಯಾಗ ಇರ್ತೈತ್ರಿ?"

"ಹಮಾಲರ ಮುಕಾದಮನ ಕೈಯಾಗ. ಮಾಲಕಗ ಏನ್ ಗೊತ್ತಿರ್ತೈತಿ?"

"ಈ ಪೆಟ್ಟಿಗ್ಯಾಗೂ ಒಬ್ಬ ಮುಕಾದಮ ಇದ್ದಾನ್ರಿ. ಕಂಟ್ರೋಲರ್ ಅಂತಾರ. ಹಾಡೆಲ್ಲಾ ಚೀಲಾ ಇದ್ದಂಗ. ಯಾವ ಚೀಲಾ ಎಲ್ಲಿ ಐತಿ ಅವಗೊಬ್ಬಗ ಗೊತ್ತು."

ಕಾಕಾ ಒಂದು ಕಾಳು ಬಾಯಿಗೆ ಹಾಕಿಕೊಂಡು ಕಡಿದು ನೋಡಿದರು. ಕೇಳುತ್ತಿದ್ದಾರೆ ಎಂದುಕೊಂಡು ಮುಂದುವರಿಸಿದೆ. ಈ ಗೋದಾಮಿನ ನೆಲ ವಿಚಿತ್ರದ್ದು. ಒಂದು ಚೀಲ ಬದಲಿಸಬೇಕಾದರೆ ಒಂದು ಖೋಲಿಯನ್ನೇ, ಅಂದರೆ ಇಡೀ ಕೋಣೆಯನ್ನೇ ಖಾಲಿ ಮಾಡಿ, ತೊಳೆದು, ಮತ್ತೆ ತುಂಬಬೇಕು. ಖೋಲಿ ಖಾಲಿ ಮಾಡಲು ಬೇರೆಲ್ಲಾದರೂ ಜಾಗ ಇರಬೇಕು. ಇದ್ದರೆ ಮುಕಾದಮ ಸರಸರ ಎತ್ತಿಡುತ್ತಾನೆ, ಮಾಲಕನಿಗೆ ಗೊತ್ತೇ ಆಗುವುದಿಲ್ಲ. ಬಾಗಿಲವರೆಗೆ ತುಂಬಿದ್ದರೆ ಅವನಿಗೆ ಕಾಲಿಡಲೂ ಎಡೆಯಿಲ್ಲ. ಇದನ್ನು ಅಲ್ಲಿಗೆ, ಅದನ್ನು ಇಲ್ಲಿಗೆ ಎಂದು ಅವನು ಒದ್ದಾಡುವಷ್ಟು ಹೊತ್ತು ಹಾಡು ಬಾಗಿಲಲ್ಲಿ ಕಾಯುತ್ತದೆ. ಇನ್ನೊಂದು ಮಾತು: ಪ್ರತಿ ಖೋಲಿಯನ್ನು ಇಂತಿಷ್ಟೇ ಸಲ ತೊಳೆಯಬಹುದು, ಆಮೇಲೆ ನೆಲ ಸವೆದು ಹೋಗುತ್ತದೆ. ಒಳ್ಳೆಯ ಮುಕಾದಮ ಎಲ್ಲ ಖೋಲಿಗಳನ್ನೂ ಸರತಿಯಲ್ಲಿ ಬಳಸುತ್ತಾನೆ. ಅಗ್ಗದ ಮುಕಾದಮ, ಅದರಲ್ಲೂ ಜಾಗವಿಲ್ಲದವನು, ಬಾಗಿಲ ಹತ್ತಿರದ ಅದೇ ಒಂದೆರಡು ಖೋಲಿಗಳನ್ನು ತೊಳೆದು ತೊಳೆದು ತೂತು ಮಾಡುತ್ತಾನೆ. ಪೆಟ್ಟಿಗೆಯ ಚುರುಕೂ ಆಯುಷ್ಯವೂ ಚಿಪ್ಪಿಗಿಂತ ಹೆಚ್ಚಾಗಿ ಆ ಮುಕಾದಮನ ಕೈಯಲ್ಲಿವೆ.

ಕಾಕಾ ಹರವಿದ ಜೋಳವನ್ನು ಅಂಗೈಯಿಂದ ಒಂದು ಸುತ್ತು ಆಡಿಸಿದರು.

"ಅಂದ್ರ ಹಗೇವು ಅಲ್ಲ ಅದು. ಗೋದಾಮು."

"ಹೌದ್ರಿ."

"ಹಗೇವಿನಾಗ ಇಟ್ಟದ್ದು ಇಟ್ಟಲ್ಲೇ ಇರ್ತೈತಿ. ಇಲ್ಲಿ ಹಗಲೆಲ್ಲಾ ಎತ್ತೂದು ಇಡೂದು."

"ಹೌದ್ರಿ."

"ಮದಲ ಯಾಕ ಹೇಳ್ಲಿಲ್ಲ? ಇಂಡ್ಯಾಗ ಮಂದಿಗೆ ಏನ್ ಕಲಸ್ತೀಯೋ ಮತ್ತ?"

ನಾನು ಟ್ಯಾಲಿ ಎಂದೆ. ಅವರು "ಹೂಂ" ಎಂದು, ಇನ್ನೊಂದು ಕಾಳು ಕಡಿದು, "ಬಾಗೇವಾಡಿ ಲಗ್ನ ಆಗ್ಲಿ, ಆಮ್ಯಾಲ ನೋಡೂಣು" ಎಂದರು.

ಅಳಿಸುವ ಕೆಲಸ ಸುಲಭವಾಗಲಿಲ್ಲ. ಭಾವ ಪ್ರತಿಯೊಂದು ಭಜನೆಗೂ ಜಗಳ ತೆಗೆದ. "ದೇವರ ಹಾಡ ಅಳಿಸಿ ದುಡೀಬೇಕೇನು?" ಎಂದ. ಕೊನೆಗೆ ಎಲ್ಲವನ್ನೂ ಸಿ.ಡಿ.ಗಳಿಗೆ ಇಳಿಸಿಕೊಂಡು ಅಳಿಸಿದೆವು. ನೀಲಿ ಕರಗಿ ಗುಲಾಬಿ ಬಂತು. ಆದರೂ ಹಾಡು ನಿಲ್ಲುವುದು ನಿಲ್ಲಲಿಲ್ಲ. ನಾವು ಅಳಿಸಿದ್ದು ಪರದೆಯ ಮೇಲಿನ ಯಾದಿಯಿಂದ ಮಾತ್ರ, ಒಳಗಿನ ಮುಕಾದಮನಿಗೆ ಯಾರೂ ಹೇಳಿರಲಿಲ್ಲ. ಅವನು ಬೇಡವಾದ ಚೀಲಗಳನ್ನೂ ಜೋಪಾನವಾಗಿ ಹೊತ್ತು ತಿರುಗುತ್ತಿದ್ದ. ಆ ಕಾಲದ ಕಂಪ್ಯೂಟರಿನಲ್ಲಿ ಅವನಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆ ಇರಲಿಲ್ಲ. ಈ ಸಂಗತಿ ಓದಿದಾಗ ನನಗೆ ಯಾಕೋ ಖುಷಿಯಾಯಿತು. ನನ್ನ ತಲೆಯೊಳಗೂ ಯಾರೋ ಮುದ್ದೇಬಿಹಾಳದ ನಗುವನ್ನು ಬಾಗೇವಾಡಿಯ ಖೋಲಿಗೆ, ಮೊಸರಿನ ಗಡಿಗೆಯ ಪಕ್ಕಕ್ಕೆ ಸರಿಸಿ ಇಟ್ಟಿದ್ದಾರೆ, ನನಗೆ ತಿಳಿಸದೆ.

ಮತ್ತೆ ಸೊಲ್ಲಾಪುರ. ಅಂಗಡಿಯವನು ಯಾವುದೋ ಪ್ರೋಗ್ರಾಮ್ ಹಾಕಿ ಇಡೀ ಡಿಸ್ಕನ್ನು ಒಳಗಿಂದಲೇ ಬರಿದು ಮಾಡಿದ. ಒಂದು ಪಾಲನ್ನು ಯಾವ ಲೆಕ್ಕಕ್ಕೂ ಸೇರಿಸದೆ ಹಾಗೇ ಬಿಟ್ಟ. "ಇದು ಕಂಟ್ರೋಲರಗ ಓಡ್ಯಾಡಾಕ. ಮುಟ್ಟಬ್ಯಾಡ್ರಿ" ಎಂದ. ಭಾವ ಕೈಮುಗಿದ. ನಾನು ಅದೇ ಹೊತ್ತಿಗೆ ವೈರಸ್ ಹಿಡಿಯುವ ಪ್ರೋಗ್ರಾಮನ್ನು ತೆಗೆಸಿದೆ, ರೆಕಾರ್ಡ್ ಮಾಡುವುದನ್ನೂ ಬಿಟ್ಟೆ. ಮೂರನ್ನೂ ಒಟ್ಟಿಗೇ ಮಾಡಿದ್ದರಿಂದ ಯಾವುದರಿಂದ ಗುಣವಾಯಿತು ಎಂದು ಹೇಳುವ ದಾರಿ ಉಳಿಯಲಿಲ್ಲ.

ಬಾಗೇವಾಡಿಯಲ್ಲಿ ಮೊದಲು ವಚನ ಹಾಡಲೇಬೇಕು, ಆಮೇಲೆ ಉಳಿದದ್ದು. ವಚನ ನೀರಿನ ಹಾಗೆ ಹೋಯಿತು. ಕಾಕಾ ಈ ಸಲ ಪಂಕ್ತಿಗೆ ಹೋಗದೆ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದರು. ಸೊಸೆಯ ಕಡೆ ನೋಡಲಿಲ್ಲ, ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಒಳಗಿನವನು ಒದ್ದಾಡುತ್ತಿದ್ದಾನೋ ಇಲ್ಲವೋ ಎಂದು ಕಿವಿಗೊಟ್ಟ ಹಾಗೆ ಒಂದು ಸಲ ಬಗ್ಗಿದರು.

ಆಮೇಲೆ ಅದೇ ಹಾಡು ಬಂತು, ಅದೇ ಎರಡನೇ ಚರಣ. ಟ್ರ್ಯಾಕು ಎಲ್ಲೂ ನಿಲ್ಲಲಿಲ್ಲ. ನಿಂತದ್ದು ಅಕ್ಕ. ಅಭ್ಯಾಸಬಲದಿಂದ ಅಲ್ಲಿಗೆ ಬಂದ ಕೂಡಲೇ ಸ್ವರ ಎಳೆದು ಹಿಡಿದುಬಿಟ್ಟಳು. ವಾದ್ಯ ಅವಳಿಗಾಗಿ ಕಾಯಲಿಲ್ಲ, ಮುಂದೆ ಹೋಯಿತು. ಅರ್ಧ ಸಾಲು ಹಿಂದೆ ಬಿದ್ದವಳು ಮಾತುಗಳನ್ನು ನುಂಗಿಕೊಂಡು ಓಡಿ ಬಂದು ಪಲ್ಲವಿಗೆ ಸೇರಿಕೊಂಡಳು. ಯಾರಿಗೂ ತಿಳಿಯಲಿಲ್ಲ. ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು ಕೂಡ.

ಕಾಕಾಗೆ ತಿಳಿಯಿತು. ಅಕ್ಕ ಕೆಳಗೆ ಬಂದಾಗ ಕೇಳಿದರು: "ಇವತ್ತ ಪೆಟ್ಟಿಗಿ ನಿಲ್ಲಲಿಲ್ಲ. ನೀ ಯಾಕ ನಿಂತಿ?"

"ದಮ್ ತಗೊಂಡ್ನಿರಿ ಮಾವಾರ."

"ದಮ್ ತಗೊಂಡಿ? ಓಣಿಯಾಗ ನಾಯಿ ಬೆನ್ನ ಹತ್ತಿದಂಗ ಓಡಿದ್ಯಲ್ಲವಾ ಆಮ್ಯಾಲ."

ಹೇಳಿ ಅವರೇ ನಕ್ಕರು. ಅಕ್ಕ ನಗಬೇಕೋ ಬೇಡವೋ ತಿಳಿಯದೆ ಭಾವನ ಮುಖ ನೋಡಿದಳು. ಮಂದಿ ನಕ್ಕರೆ ಮೈಕ್ ಇಳಿಸಬೇಕೆಂದಿತ್ತು. ಮಾವನೇ ನಕ್ಕರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಕಾಕಾ ಎದ್ದು, "ಮುಂದಿನ ಹಂಗಾಮಕ್ಕ ಆ ಹಾಡ ಬ್ಯಾಡ, ಬ್ಯಾರೇದು ಕಲಿ" ಎಂದು ಊಟಕ್ಕೆ ಹೋದರು. ಮುಂದಿನ ಹಂಗಾಮು ಎಂಬ ಮಾತನ್ನು ಅಕ್ಕ ಟೆಂಪೊದಲ್ಲಿ ಎಷ್ಟು ಸಲ ನನ್ನಿಂದ ಹೇಳಿಸಿ ಕೇಳಿದಳೋ.

ಅವಳು ಮುಂದೆಯೂ ಹಾಡಿದಳು, ಬೇರೆ ಹಾಡುಗಳನ್ನು. ಪೆಟ್ಟಿಗೆ ಇನ್ನೊಂದು ವರ್ಷವೋ ಸ್ವಲ್ಪ ಹೆಚ್ಚೋ ಬಾಳಿತು. ಒಂದು ಬೆಳಿಗ್ಗೆ ಹಚ್ಚಿದರೆ ಡಿಸ್ಕೇ ಇಲ್ಲ ಎಂದಿತು. ಚಿಪ್ಪುಗಳು ಚೆನ್ನಾಗಿರಬಹುದು, ಕಂಟ್ರೋಲರ್ ಹೋಗಿದೆ ಎಂದರು ಸೊಲ್ಲಾಪುರದವರು. ಹಾಡುಗಳೆಲ್ಲ ಒಳಗೇ ಇದ್ದಿರಬೇಕು, ಯಾವುದು ಎಲ್ಲಿದೆ ಎಂದು ಹೇಳಬಲ್ಲವನು ಇಲ್ಲ, ಅಷ್ಟೇ. ಭಾವ ಅದನ್ನು ಎತ್ತಿ ಮತ್ತೊಮ್ಮೆ ಕಿವಿಯ ಬಳಿ ಅಲ್ಲಾಡಿಸಿ ನೋಡಿದ ಎಂದು ಬರೆಯಬೇಕೆನಿಸುತ್ತದೆ. ಆದರೆ ಅದು ನಡೆದಿಲ್ಲ. ಅವನು ಬೈದು ಹೊಸದು ತಂದ.

ಕಾಕಾ ಈಗಿಲ್ಲ. ಅಂಗಳದಲ್ಲಿ ನಾನು ಹೇಳಿದ್ದನ್ನು ಅವರು ನಂಬಿ ಸೊಸೆಯನ್ನು ಇನ್ನೊಂದು ಲಗ್ನದಲ್ಲಿ ಹಾಡಲು ಬಿಟ್ಟರೋ, ಅಥವಾ ಮೊದಲೇ ಬಿಡಬೇಕೆಂದಿದ್ದು ಒಂದು ಕಾರಣಕ್ಕಾಗಿ ಕಾಯುತ್ತಿದ್ದರೋ, ನನಗೆ ಗೊತ್ತಿಲ್ಲ. ಅಕ್ಕನನ್ನು ಕೇಳಿದೆ. ಅವಳಿಗೂ ಗೊತ್ತಿಲ್ಲ.